ಅಲೆಮಾರಿ ಕಳ್ಳನ ಲೆಕ್ಕ: ದಾರಿ ಮೊದಲಾ, ಚೀಲ ಮೊದಲಾ?

ಕೋಡ್‌ಗೌಡ: ಹೊಸಬರಿಗೆ ಚುಟುಕಾಗಿ: ಕಳ್ಳ ಎಲ್ಲ ಊರಿಗೂ ಒಂದೊಂದು ಸಲ ಹೋಗಿ, ಹೊರಟ ಕಡೆಗೇ ವಾಪಸ್ ಬರಬೇಕು. ದಾರಿಯಲ್ಲಿ ಮಾಲು ತುಂಬಿಕೊಳ್ಳಬೇಕು. ಚೀಲ ಭಾರವಾದಷ್ಟೂ ನಡಿಗೆ ನಿಧಾನ. ಮೇಲಿಂದ ಚೀಲಕ್ಕೆ ಹೊತ್ತಿನ ಲೆಕ್ಕದಲ್ಲಿ ಬಾಡಿಗೆ ಬೇರೆ. ಮಾಲಿನ ಬೆಲೆಯಲ್ಲಿ ಬಾಡಿಗೆ ಕಳೆದು ಉಳಿಯುವ ಲಾಭ ಆದಷ್ಟು ಹೆಚ್ಚಬೇಕು. 2013ರಲ್ಲಿ ಬೊನ್ಯಾದಿ, ಮಿಕಲೆವಿಚ್, ಬರೋನ್ ಎಂಬ ಸಂಶೋಧಕರು ಮುಂದಿಟ್ಟ ಕಂಪ್ಯೂಟರ್ ಲೆಕ್ಕದ ಸಮಸ್ಯೆ. ನನ್ನ ಪ್ರಕಾರ ದಾರಿಗೆ ಲಿನ್-ಕರ್ನಿಗನ್ (ದಾರಿಯ ತುಂಡುಗಳನ್ನು ಅದಲುಬದಲು ಮಾಡುತ್ತಾ ಚಿಕ್ಕದು ಮಾಡುವ ವಿಧಾನ), ಚೀಲಕ್ಕೆ ಗ್ರೀಡಿ (ಆ ಕ್ಷಣಕ್ಕೆ ಹೆಚ್ಚು ಲಾಭ ಅನಿಸಿದ್ದನ್ನೇ ಎತ್ತಿಕೊಳ್ಳುವುದು). ಎರಡು ಸರಳ ಅಲ್ಗಾರಿದಮ್ ಜೋಡಿಸಿದರೆ ಸಾಕು.

ಸುಮಾ_ಆರ್: "ಜೋಡಿಸಿದರೆ ಸಾಕು"? ಅದೇ ದಾರಿಯನ್ನು ಉಲ್ಟಾ ನಡೆಸಿ ನೋಡಿ. ಉದ್ದ ಒಂದೇ, ಲಾಭ ಬೇರೆ! ಭಾರದ ಮಾಲು ಮೊದಲ ಊರಲ್ಲೇ ಎತ್ತಿಕೊಂಡರೆ ಕೊನೆವರೆಗೂ ಹೊರಬೇಕು. ಅತಿ ಚಿಕ್ಕ ದಾರಿಯೇ ಅತಿ ಲಾಭದ ದಾರಿ ಅಲ್ಲ.

ಹಳೇಮೇಷ್ಟ್ರು: ಅತಿ ಚಿಕ್ಕ ದಾರಿಯಂತೆ! ಸಾವಿರಾರು ಊರಿದ್ದರೆ ಅದನ್ನು ಕಂಡುಹಿಡಿಯಲು ಯಾರಿಂದಲೂ ಆಗಿಲ್ಲ.

ಕೋಡ್‌ಗೌಡ: ಆಗಿಲ್ವಾ ಮೇಷ್ಟ್ರೇ? 85,900 ಊರಿನ ಲೆಕ್ಕ 2006ರಲ್ಲೇ ಬಗೆಹರಿದಿದೆ. ಅತಿ ಚಿಕ್ಕ ದಾರಿ ಹುಡುಕುವ ಕಾಂಕಾರ್ಡ್ ಪ್ರೋಗ್ರಾಂ ಹೆಸರು ಕೇಳಿಲ್ವಾ?

ಹಳೇಮೇಷ್ಟ್ರು: ಅವು ಊರುಗಳೇ ಅಲ್ಲ ಸ್ವಾಮಿ. ಬೆಲ್ ಲ್ಯಾಬ್ಸ್‌ನವರ ಚಿಪ್ ಮೇಲೆ ಲೇಸರ್ ಓಡಾಡಬೇಕಾದ ಚುಕ್ಕೆಗಳು.

ಕೋಡ್‌ಗೌಡ: ಚುಕ್ಕೆ ಆದರೇನು, ಊರಾದರೇನು? ಸುಮ್ನೆ ಮಾತು ತಿರುಗಿಸಬೇಡಿ.

ಹಳೇಮೇಷ್ಟ್ರು: ತಿರುಗಿಸುತ್ತಿರುವುದು ಯಾರು? ಅದಕ್ಕೆ 136 ಸಿಪಿಯು-ವರ್ಷ ಹಿಡಿಯಿತು, ಅಂದರೆ ಒಂದೇ ಪ್ರೊಸೆಸರ್ ಆಗಿದ್ದರೆ 136 ವರ್ಷ. ಅಷ್ಟರಲ್ಲಿ ನಿಮ್ಮ ಕಳ್ಳ ಬಾಡಿಗೆ ಕಟ್ಟಿಯೇ ದಿವಾಳಿ.

ಬೈಟ್‌ಬಸ್ಯಾ: ಅಷ್ಟು ಹೊತ್ತು ಹಿಡಿದಿದ್ದು "ಇದಕ್ಕಿಂತ ಚಿಕ್ಕದು ಇಲ್ಲ" ಅಂತ ಸಾಬೀತು ಮಾಡಲು. ದಾರಿ 2004ರಲ್ಲೇ ಸಿಕ್ಕಿತ್ತು. ಸಂಶೋಧಕ ಹೆಲ್ಸ್‌ಗೌನ್ ಸುಧಾರಿಸಿದ ಲಿನ್-ಕರ್ನಿಗನ್‌ನಿಂದ.

ಕೋಡ್‌ಗೌಡ: ನೋಡಿ! ಲಿನ್-ಕರ್ನಿಗನ್!!

ಹಳೇಮೇಷ್ಟ್ರು: "ಸುಧಾರಿಸಿದ" ಅಂದಿದ್ದು ಕಾಣಿಸಲಿಲ್ವಾ? ಅದರ ಕೋಡ್ ತೆರೆದು ನೋಡಿದ್ದೀರಾ ಗೌಡ್ರೇ? ಸರಳ ಅಂತೆ ಸರಳ.

ಸುಮಾ_ಆರ್: ಲೇಸರ್ ಬಿಟ್ಟು ಕಳ್ಳನ ಕಡೆ ಬರುತ್ತೀರಾ? ಉಲ್ಟಾ ದಾರಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕೋಡ್‌ಗೌಡ: ಉತ್ತರ 2015ರಲ್ಲೇ ಇದೆ ಮೇಡಂ. ಸಂಶೋಧಕ ಫಾಕ್ನರ್ ತಂಡದ ಎಸ್5 ಎಂಬ ವಿಧಾನ. ಒಂದು ದಾರಿ ಹಾಕು, ಚೀಲ ತುಂಬು, ಲಾಭ ಜಾಸ್ತಿ ಬಂದರೆ ಇಟ್ಟುಕೋ. ಹೊತ್ತು ಮುಗಿಯುವವರೆಗೆ ಮತ್ತೆ ಮತ್ತೆ ಹೊಸದಾಗಿ ಶುರು ಮಾಡು. ಇದಕ್ಕಿಂತ ಜಟಿಲವಾದ ವಿಧಾನಗಳನ್ನೇ ಹಿಂದೆ ಹಾಕಿತು.

ಸುಮಾ_ಆರ್: "ಮತ್ತೆ ಮತ್ತೆ"! ಅಂದರೆ ಮೊದಲ ದಾರಿಯನ್ನು ನಂಬುವ ಹಾಗಿಲ್ಲ, ಲಾಭ ನೋಡಿಯೇ ದಾರಿ ಆರಿಸಬೇಕು. ನಾನು ಹೇಳಿದ್ದೂ ಅದೇ ಅಲ್ವಾ?

ಕೋಡ್‌ಗೌಡ: ಒಂದೇ ಸಲ ಜೋಡಿಸಿ ಅಂತ ನಾನೆಲ್ಲಿ ಹೇಳಿದೆ? ಮೇಲೆ ಓದಿ.

ಹಳೇಮೇಷ್ಟ್ರು: ಅದಿರಲಿ. ಅವು ಚುಕ್ಕೆ ಅಂತ ಒಪ್ಪುತ್ತೀರೋ ಇಲ್ಲವೋ?