ಬಿಪಿ ಕಮ್ಮಿ ಇದ್ದರೂ ಡ್ರಿಪ್ ಯಾಕೆ ಹಾಕುತ್ತಿಲ್ಲ?

ಪ್ರಶ್ನೆ, ರಾಜಾಜಿನಗರದಿಂದ: ಡಾಕ್ಟರೇ, ನ್ಯುಮೋನಿಯಾ ಜಾಸ್ತಿಯಾಗಿ ನಮ್ಮ ಮಾವ ವೆಂಟಿಲೇಟರ್ ಮೇಲಿದ್ದಾರೆ. ಮೊದಲ ದಿನ ಡ್ರಿಪ್ ಮೇಲೆ ಡ್ರಿಪ್ ಹಾಕಿದರು. ಈಗ ಬಿಪಿ ಮತ್ತೆ ಇಳಿದಿದೆ, ಆದರೂ ಹಾಕುತ್ತಿಲ್ಲ. ಬೆಡ್‌ನ ತಲೆಭಾಗ ಇಳಿಸಿ, ಕಾಲು ಮೇಲೆತ್ತಿ, ಎಕೋ ನೋಡಿ "ಫ್ಲೂಯಿಡ್ ಬೇಡ" ಅಂದರು. ಕಾಲೆತ್ತಿದರೆ ಏನು ಗೊತ್ತಾಗುತ್ತದೆ?

ಐಸಿಯು ಡಾಕ್ಟರ್: ಅವರು ಮಾಡಿದ್ದು ಒಳ್ಳೆ ಕೆಲಸ, ಗಾಬರಿ ಬೇಡ. ಬಿಪಿ ಇಳಿದ ಐಸಿಯು ರೋಗಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಜನರಿಗೆ ಮಾತ್ರ ಡ್ರಿಪ್‌ನಿಂದ ಹೃದಯ ತಳ್ಳುವ ರಕ್ತ ಹೆಚ್ಚುತ್ತದೆ. ಉಳಿದವರಿಗೆ ಸುಮ್ನೆ ಹಾಕುತ್ತಾ ಹೋದರೆ ನೀರು ಶ್ವಾಸಕೋಶದಲ್ಲಿ ತುಂಬುತ್ತದೆ, ಮೈ ಊದುತ್ತದೆ, ವೆಂಟಿಲೇಟರ್‌ನಿಂದ ಬಿಡಿಸೋದೂ ತಡವಾಗುತ್ತದೆ. ಕಾಲೆತ್ತಿದಾಗ ಕಾಲು, ಹೊಟ್ಟೆಯಲ್ಲಿರುವ ಅವರದೇ ರಕ್ತ ಸುಮಾರು 300 ಮಿಲಿ ಹೃದಯದ ಕಡೆ ಹರಿಯುತ್ತದೆ. ಒಂದು ನಿಮಿಷದೊಳಗೆ ಹೃದಯ ತಳ್ಳುವ ರಕ್ತ ಶೇ. 10ರಷ್ಟು ಏರಿದರೆ ಡ್ರಿಪ್‌ನಿಂದ ಉಪಯೋಗವಿದೆ. ಏರದಿದ್ದರೆ ಕಾಲು ಇಳಿಸಿದರಾಯಿತು, ಒಂದು ಹನಿಯೂ ಹೊರಗಿಂದ ಹೋಗಿರುವುದಿಲ್ಲ.

ಸ್ಟಾಫ್ ನರ್ಸ್, ಜಯನಗರ: ಸರ್, ನಮ್ಮಲ್ಲಿ ಆರ್ಟೀರಿಯಲ್ ಲೈನ್‌ನಲ್ಲಿ (ಅಪಧಮನಿಯೊಳಗೆ ಹಾಕಿ ಬಿಪಿ ನೋಡುವ ಸಣ್ಣ ಟ್ಯೂಬ್) ಪಿಪಿವಿ, ಅಂದರೆ ಪಲ್ಸ್‌ನ ಏರಿಳಿತ, ಶೇ. 13 ದಾಟಿದರೆ ಫ್ಲೂಯಿಡ್ ಕೊಡಿ ಅಂತಾರೆ. ಅಷ್ಟು ಸಾಕಲ್ವಾ?

ಐಸಿಯು ಡಾಕ್ಟರ್: ಸಾಕಾಗಲ್ಲ ಸಿಸ್ಟರ್. ವೆಂಟಿಲೇಟರ್ ಗಾಳಿ ತಳ್ಳಿದಾಗೆಲ್ಲ ಹೃದಯಕ್ಕೆ ಬರುವ ರಕ್ತ ಸ್ವಲ್ಪ ತಡೆಯುತ್ತದೆ, ಆಗ ಪಲ್ಸ್ ಎಷ್ಟು ಏರಿಳಿಯುತ್ತದೆ ಅನ್ನೋದೇ ಪಿಪಿವಿ. ರೋಗಿ ತಾನೇ ಉಸಿರೆಳೆಯುತ್ತಿದ್ದರೆ ಅಥವಾ ಏಟ್ರಿಯಲ್ ಫಿಬ್ರಿಲೇಶನ್ (ಹೃದಯ ಬಡಿತ ತಾಳ ತಪ್ಪುವುದು) ಇದ್ದರೆ ಆ ನಂಬರ್ ನಂಬಬೇಡಿ. 9ರಿಂದ 13ರ ನಡುವೆ ಬಂದರೂ ಯಾವ ಕಡೆಗೂ ಹೇಳೋಕಾಗಲ್ಲ. ಇನ್ನೊಂದು ಮುಖ್ಯ ವಿಷಯ, ಈಗ ಶ್ವಾಸಕೋಶ ಕಾಪಾಡಲು ಟೈಡಲ್ ವಾಲ್ಯೂಮ್ (ಒಂದೊಂದು ಉಸಿರಿಗೆ ವೆಂಟಿಲೇಟರ್ ತಳ್ಳುವ ಗಾಳಿ) ಕೆಜಿಗೆ 6 ಮಿಲಿ ಇಡುತ್ತೇವಲ್ಲ, ಆಗ ಫ್ಲೂಯಿಡ್ ಬೇಕಾದವರಲ್ಲೂ ಪಿಪಿವಿ ಕಮ್ಮಿ ತೋರಿಸಬಹುದು. ಒಂದು ನಿಮಿಷ 8 ಮಿಲಿಗೆ ಏರಿಸಿ ನೋಡಿ. ಪಿಪಿವಿ 3.5 ಅಥವಾ ಜಾಸ್ತಿ ಏರಿದರೆ ಫ್ಲೂಯಿಡ್ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ನೋಡಿದ ಮೇಲೆ ಮರೆಯದೆ ಮತ್ತೆ 6ಕ್ಕೆ ಇಳಿಸಿ. ಸಿವಿಪಿ (ಹೃದಯದ ಹತ್ತಿರದ ದೊಡ್ಡ ರಕ್ತನಾಳದ ಒತ್ತಡ) ಒಂದನ್ನೇ ನೋಡಿ ಬಾಟಲಿ ಏರಿಸೋದನ್ನಂತೂ ದಯವಿಟ್ಟು ಬಿಡಿ. ಫ್ಲೂಯಿಡ್ ಕೆಲಸ ಮಾಡುತ್ತದೆ ಅಂದ ಮಾತ್ರಕ್ಕೆ ಕೊಡಲೇಬೇಕು ಅಂತಲೂ ಇಲ್ಲ. ಆರೋಗ್ಯವಾಗಿರುವ ನನ್ನ, ನಿಮ್ಮ ಕಾಲೆತ್ತಿದರೂ ಹೃದಯ ತಳ್ಳುವ ರಕ್ತ ಏರಬಹುದು.

ರಾಜಾಜಿನಗರದವರು: ಹಾಗಾದರೆ ಮಾವನ ಬಿಪಿಗೆ ಏನು ಮಾಡುತ್ತಾರೆ?

ಐಸಿಯು ಡಾಕ್ಟರ್: ಸಾಮಾನ್ಯವಾಗಿ ನಾರ್‌ಅಡ್ರಿನಲಿನ್ ಪಂಪ್‌ನಲ್ಲಿ ಕೊಡುತ್ತಾರೆ, ಅದು ರಕ್ತನಾಳ ಬಿಗಿ ಮಾಡಿ ಬಿಪಿ ಎತ್ತುತ್ತದೆ. ಪರಿಸ್ಥಿತಿ ಗಂಟೆಗಂಟೆಗೂ ಬದಲಾಗಬಹುದು, ಹಾಗಾಗಿ ಸಂಜೆ ಮತ್ತೆ ಕಾಲೆತ್ತಿ ನೋಡಿ ಡ್ರಿಪ್ ಹಾಕಿದರೂ ಗೊಂದಲ ಬೇಡ. "ಈಗ ಪಂಪ್ ಡೋಸ್ ಏರುತ್ತಿದೆಯಾ, ಇಳಿಯುತ್ತಿದೆಯಾ, ಮೂತ್ರ ಎಷ್ಟು ಹೋಗಿದೆ" ಅಂತ ಅಲ್ಲಿಯ ಡಾಕ್ಟರ್‌ನ ಕೇಳಿ, ಹೇಳುತ್ತಾರೆ.