ಖಾಸಗಿ ಖಾತೆಯಿಂದ ಹೋದ ಸರ್ಕಾರಿ ಇಮೇಲ್: ಪ್ರಿಂಟ್ ಇಟ್ಟರೆ ಸಾಕೇ?

ದಫ್ತರ: ಅಮೆರಿಕದ ಫೆಡರಲ್ ಇಲಾಖೆಯ ಅಧಿಕಾರಿ ಕಚೇರಿ ವ್ಯವಹಾರದ ಇಮೇಲ್ ಅನ್ನು ತಮ್ಮ ಸ್ವಂತ ಖಾತೆಯಿಂದ ಕಳಿಸಿದರೆ ಅದೂ ಸರ್ಕಾರಿ ದಾಖಲೆಯೇ? ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದರೆ ಸಾಲದೇ? ಎಷ್ಟು ವರ್ಷ ಇಡಬೇಕು?

ಕಡತಪಾಲ: ಖಾತೆ ಯಾರದ್ದೇ ಇರಲಿ, ಇಲಾಖೆಯ ಕೆಲಸ ನಡೆದಿದ್ದರೆ ಅದು ದಾಖಲೆಯೇ. ಫೆಡರಲ್ ದಾಖಲೆಗಳ ಕಾನೂನಿಗೆ ಆದ 2014ರ ತಿದ್ದುಪಡಿಯ ಪ್ರಕಾರ ದಾರಿ ಎರಡೇ: ಕಳಿಸುವಾಗಲೇ ತಮ್ಮ ಅಧಿಕೃತ ಖಾತೆಗೆ ಸಿಸಿ ಹಾಕಬೇಕು, ಇಲ್ಲವೇ 20 ದಿನದೊಳಗೆ ಪೂರ್ತಿ ಪ್ರತಿಯನ್ನು ಅಲ್ಲಿಗೆ ಫಾರ್ವರ್ಡ್ ಮಾಡಬೇಕು. ದಿನದ ಲೆಕ್ಕ ಶುರುವಾಗುವುದು ಇಮೇಲ್ ಕಳಿಸಿದ ದಿನದಿಂದ. ಯಾರೋ ಕೇಳಿದ ದಿನದಿಂದಲ್ಲ. ‘ಪೂರ್ತಿ’ ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ಲಗತ್ತು ಬಿಟ್ಟುಹೋಗುತ್ತದೆ, ಅಥವಾ ಲಗತ್ತಿನ ಬದಲು ಕ್ಲೌಡ್ ಲಿಂಕ್ ಮಾತ್ರ ಇರುತ್ತದೆ. ಲಿಂಕ್ ಸತ್ತ ದಿನ ದಾಖಲೆ ಅರ್ಧ ಹೋದಂತೆ.

ಪ್ರಿಂಟ್ ವಿಷಯ, ಶ್ವೇತಭವನದ ಇಮೇಲ್‌ಗಳ ಕುರಿತು ನಡೆದ ಆರ್ಮ್‌ಸ್ಟ್ರಾಂಗ್ ಮೊಕದ್ದಮೆಯ 1993ರ ತೀರ್ಪಿನಲ್ಲೇ ಇತ್ಯರ್ಥವಾಗಿದೆ. ಯಾರಿಗೆಲ್ಲ ಹೋಯಿತು, ಯಾವಾಗ ತಲುಪಿತು ಎಂಬ ವಿವರ ಕಾಗದಕ್ಕೆ ಇಳಿಯದೇ ಇರಬಹುದು. ಹಾಗಾಗಿ ಕಾಗದದ ಪ್ರತಿ ಇದೆ ಎಂದು ಮೂಲವನ್ನು ಅಳಿಸುವಂತಿಲ್ಲ. 2016ರ ಕೊನೆಯೊಳಗೆ ಇಮೇಲ್ ದಾಖಲೆಗಳ ನಿರ್ವಹಣೆಯೆಲ್ಲ ಎಲೆಕ್ಟ್ರಾನಿಕ್ ರೂಪದಲ್ಲೇ ಆಗಬೇಕೆಂದು ಇಲಾಖೆಗಳಿಗೆ ಗಡುವೂ ಇತ್ತು.

ಹಳೇ ಫೈಲು: ಅವಧಿಯ ಬಗ್ಗೆ. ರಾಷ್ಟ್ರೀಯ ಪತ್ರಾಗಾರ ರೂಪಿಸಿದ ‘ಕ್ಯಾಪ್‌ಸ್ಟೋನ್’ ಎಂಬ ಇಮೇಲ್ ನಿರ್ವಹಣಾ ಪದ್ಧತಿಯಲ್ಲಿ ಒಂದೊಂದು ಇಮೇಲ್ ಓದಿ ವಿಂಗಡಿಸುವ ರಗಳೆ ಇಲ್ಲ, ಹುದ್ದೆ ನೋಡಿದರಾಯಿತು. ಮೇಲಿನ ಅಧಿಕಾರಿಗಳ ಖಾತೆ ಶಾಶ್ವತ, ಕೊನೆಗೆ ರಾಷ್ಟ್ರೀಯ ಪತ್ರಾಗಾರಕ್ಕೆ. ಉಳಿದವರದು 7 ವರ್ಷ, ಗುಮಾಸ್ತ ಮತ್ತು ಸಹಾಯಕ ಹುದ್ದೆಗಳದ್ದು 3 ವರ್ಷ. ಆದರೆ ಹುದ್ದೆಗಳ ಪಟ್ಟಿಗೆ ಪತ್ರಾಗಾರದ ಒಪ್ಪಿಗೆ ಸಿಗುವ ತನಕ ಈ ಅವಧಿ ಹಿಡಿದು ಏನನ್ನೂ ಅಳಿಸುವಂತಿಲ್ಲ. ಮೊಕದ್ದಮೆಯಿದ್ದರೆ ಅವಧಿ ಮುಗಿದದ್ದನ್ನೂ ಮುಟ್ಟಬಾರದು.

ದಫ್ತರ: ಅಧಿಕಾರಿ ಕೆಲಸ ಬಿಟ್ಟುಹೋದ ಮೇಲೆ?

ಕಡತಪಾಲ: ಅಪಾಯ ಇರುವುದೇ ಅಲ್ಲಿ. ಐಟಿ ವಿಭಾಗ ಲೈಸೆನ್ಸ್ ಉಳಿಸಲು ಖಾತೆ ಮುಚ್ಚುತ್ತದೆ, ಅದರ ಜೊತೆ ಮೇಲ್‌ಬಾಕ್ಸೂ ಅಳಿಯುತ್ತದೆ. ದಾಖಲೆ ಅಧಿಕಾರಿಯ ಸಹಿ ಇಲ್ಲದೆ ಖಾತೆ ಮುಚ್ಚಬಾರದೆಂದು ಬಿಡುಗಡೆ ಫಾರಮ್ಮಿನಲ್ಲೇ ಒಂದು ಸಾಲು ಸೇರಿಸಿ. ಅಕಸ್ಮಾತ್ ಅಳಿದೇಹೋದರೆ ಮುಚ್ಚಿಡುವಂತಿಲ್ಲ, ಇಲಾಖೆಯ ಮುಖ್ಯಸ್ಥರು ರಾಷ್ಟ್ರೀಯ ಪತ್ರಾಗಾರದ ಮುಖ್ಯಸ್ಥರಿಗೆ ವರದಿ ಮಾಡಲೇಬೇಕು.

ಹಳೇ ಫೈಲು: ಮಾಹಿತಿ ಕೋರಿಕೆ ಬಂದಾಗ ‘ಅದು ಅವರ ಸ್ವಂತ ಖಾತೆ’ ಎಂಬ ಉತ್ತರವೂ ನಡೆಯದು. ಹಾಗೆ ತಪ್ಪಿಸಿಕೊಳ್ಳಲಾಗದು ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದೆ.