ಓದುಗರ ಸ್ಪಂದನ: ಡಿಗ್ರಿ ಮುಗಿಸಿ ನೇರ ಟ್ರೇಡಿಂಗ್‌ಗೆ ಇಳಿಯಲೇ?

ಕಳೆದ ಸಲದ ಸಮಸ್ಯೆ: ಬಿ.ಕಾಂ. ಮುಗಿದಿದೆ. ಅಪ್ಪ 2 ಲಕ್ಷ ರೂಪಾಯಿ ಕೊಡ್ತೀನಿ ಅಂದಿದ್ದಾರೆ. ಕೆಲಸ ಹುಡುಕುವ ಬದಲು ಆಪ್ಷನ್ಸ್ (ಷೇರನ್ನು ಗೊತ್ತಾದ ಬೆಲೆಗೆ ಮುಂದೆ ಕೊಳ್ಳುವ ಇಲ್ಲವೇ ಮಾರುವ ಹಕ್ಕಿನ ಒಪ್ಪಂದ) ಟ್ರೇಡಿಂಗನ್ನೇ ವೃತ್ತಿ ಮಾಡಿಕೊಳ್ಳಬಹುದೇ?

ತಮ್ಮಾ, ಆ 2 ಲಕ್ಷ ಸದ್ಯಕ್ಕೆ ಅಪ್ಪನ ಖಾತೆಯಲ್ಲೇ ಇರಲಿ. ಮೊದಲು ಖರ್ಚಿನ ಲೆಕ್ಕ ಹಾಕಿ ನೋಡು. ಆರ್ಡರ್‌ಗೆ ಬ್ರೋಕರೇಜ್ 20 ರೂಪಾಯಿ ಅಂತಿಟ್ಟುಕೋ. ಕೊಳ್ಳಲು ಒಂದು, ಮಾರಲು ಒಂದು, ಅಲ್ಲಿಗೆ 40. ಶೇ 18 ಜಿಎಸ್‌ಟಿ ಸೇರಿದರೆ 47.20. ದಿನಕ್ಕೆ ಹತ್ತು ಸಲ ಕೊಂಡು ಮಾರಿದರೆ 472, ತಿಂಗಳಲ್ಲಿ ಇಪ್ಪತ್ತು ದಿನಕ್ಕೆ 9,440. ಲಾಭ, ನಷ್ಟ ಎರಡೂ ಆಗದಿದ್ದರೂ ತಿಂಗಳಿಗೆ ಬಂಡವಾಳದ ಶೇ 4.7ರಷ್ಟು ಕರಗಿತು. ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಸ್ಟ್ಯಾಂಪ್ ಡ್ಯೂಟಿ, ಎಕ್ಸ್‌ಚೇಂಜ್ ಶುಲ್ಕ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93 ಮಂದಿ ಕಳೆದುಕೊಂಡರು. ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ. ನಿನ್ನ ಕೈಗೆ ಬರುವುದೂ ಅಷ್ಟೇ ಹಣ.
— ರಿಸ್ಕ್ ವಿಭಾಗದ ಉದ್ಯೋಗಿ, ಬೆಂಗಳೂರು

ಮಾರುಕಟ್ಟೆಯ ಮೇಲೆ ನಿಜವಾಗಿ ಮನಸ್ಸಿದ್ದರೆ ಬ್ರೋಕರೇಜ್ ಸಂಸ್ಥೆಯಲ್ಲಿ ಡೀಲರ್ ಆಗಿ ಸೇರಿ. ಗ್ರಾಹಕರ ಆರ್ಡರ್ ಹಾಕುವ ಕೆಲಸ. ಸಂಬಳದ ಜೊತೆಗೇ ವಿದ್ಯೆಯೂ ಸಿಗುತ್ತದೆ. ಡೆರಿವೇಟಿವ್ಸ್ (ಫ್ಯೂಚರ್ಸ್, ಆಪ್ಷನ್ಸ್) ಟರ್ಮಿನಲ್ ಮುಂದೆ ಕೂರಲು ಎನ್‌ಐಎಸ್‌ಎಂ (ಸೆಬಿ ಸ್ಥಾಪಿಸಿದ ತರಬೇತಿ ಸಂಸ್ಥೆ) ನಡೆಸುವ ಸೀರೀಸ್ 8 ಪರೀಕ್ಷೆ ಪಾಸಾಗಿರಬೇಕು: 2 ಗಂಟೆ, 100 ಪ್ರಶ್ನೆ, ಪಾಸಾಗಲು 60 ಅಂಕ, ಪ್ರಮಾಣಪತ್ರಕ್ಕೆ 3 ವರ್ಷ ಮಾನ್ಯತೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಹುಡುಗರು ಎಡವುವುದು ಇಲ್ಲೇ. 65 ಸರಿ ಬರೆದು, ಉಳಿದ 35ಕ್ಕೂ ಊಹೆಯ ಮೇಲೆ ಗುರುತು ಹಾಕಿ ಎಲ್ಲ ತಪ್ಪಾದರೆ ಸಿಗುವುದು 56.25, ಫೇಲ್. ಆ 35ನ್ನು ಖಾಲಿ ಬಿಟ್ಟಿದ್ದರೆ 65, ಪಾಸ್! ವರ್ಕ್‌ಬುಕ್ ಉಚಿತ. ಗೈಡ್ ಕೊಳ್ಳುವ ಮುಂಚೆ ಅದನ್ನೇ ಎರಡು ಸಲ ಓದಿ.

ಸೇರಿದ ಮೇಲೆ ಸ್ವಂತ ಖಾತೆಯಲ್ಲಿ ಟ್ರೇಡ್ ಮಾಡಲು ಸಂಸ್ಥೆಯ ನಿಯಮ ಏನೆಂದು ಮೊದಲೇ ಕೇಳಿಕೊಳ್ಳಿ. 'ಡೆಪಾಸಿಟ್ ಕಟ್ಟು, ಟ್ರೇಡರ್ ಕೆಲಸ ಕೊಡ್ತೀವಿ' ಅನ್ನುವವರ ಕಡೆ ಸುಳಿಯಲೇಬೇಡಿ.
— ಡೀಲರ್, ಮಂಗಳೂರು

ಕೈ ಪಳಗಿಸಲು ಕ್ಯಾಶ್ ಷೇರು (ಪೂರ್ತಿ ಹಣ ಕೊಟ್ಟು ಕೊಳ್ಳುವ ಷೇರು) ಸಾಕು, ಆಪ್ಷನ್ಸ್ ಬೇಡ. ಎಷ್ಟು ಷೇರು ಕೊಳ್ಳಬೇಕು ಅನ್ನುವುದು ಎಷ್ಟು ಕಳೆದುಕೊಳ್ಳಬಲ್ಲಿರಿ ಎಂಬುದರಿಂದ ಶುರುವಾಗಬೇಕು. ಬಂಡವಾಳ 20,000, ಒಂದು ಟ್ರೇಡ್‌ನಲ್ಲಿ ಹೋದರೆ ಶೇ 1 ಅಂದರೆ 200 ರೂಪಾಯಿ. ಷೇರಿನ ಬೆಲೆ 500, ಸ್ಟಾಪ್‌ಲಾಸ್ (ನಷ್ಟ ಹೆಚ್ಚದಂತೆ ಮಾರಿಬಿಡಲು ಮೊದಲೇ ಗೊತ್ತುಮಾಡಿದ ಬೆಲೆ) 490 ಆದರೆ ಷೇರಿಗೆ 10 ರೂಪಾಯಿ ಅಪಾಯ. 20 ಷೇರು ಕೊಳ್ಳಿ, ಅದಕ್ಕಿಂತ ಒಂದೂ ಹೆಚ್ಚು ಬೇಡ. ಆದರೆ ಮಾಮೂಲಿ ಸ್ಟಾಪ್‌ಲಾಸ್ ಆರ್ಡರ್ ಆ ದಿನಕ್ಕಷ್ಟೇ, ಸಂಜೆಗೆ ರದ್ದು. ಮರುದಿನ 9.15ಕ್ಕೆ ಷೇರು 470ಕ್ಕೇ ತೆರೆದುಕೊಂಡರೆ 490ರಲ್ಲಿ ಕೊಳ್ಳುವವರೇ ಇರುವುದಿಲ್ಲ, 200ರ ಜಾಗದಲ್ಲಿ 600 ಹೋಗುತ್ತದೆ. ಕಂಪನಿಯ ಫಲಿತಾಂಶದ ಹಿಂದಿನ ದಿನ ಷೇರು ಇಟ್ಟುಕೊಂಡು ಮಲಗಬೇಡಿ ಅನ್ನುವುದು ಇದಕ್ಕೇ. ಪ್ರತಿ ಟ್ರೇಡಿನ ಕಾರಣವನ್ನು ಕೊಳ್ಳುವ ಮುಂಚೆಯೇ ಎಕ್ಸೆಲ್‌ನಲ್ಲಿ ಬರೆದಿಡಿ. ಆಮೇಲೆ ಬರೆದರೆ ಮನಸ್ಸು ನೆಪ ಹುಡುಕುತ್ತದೆ.
— ಓದುಗರು, ಹುಬ್ಬಳ್ಳಿ

ಟೆಲಿಗ್ರಾಂ ಗುಂಪಿನಲ್ಲಿ ಟಿಪ್ಸ್ ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ. ರಿಸರ್ಚ್ ಅನಲಿಸ್ಟ್ ಆದರೆ ಅದು ಐಎನ್‌ಎಚ್ ಎಂದು ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು ತಾಳೆ ನೋಡಿ. ಟ್ರೇಡ್ ಮಾಡಿ 24 ಗಂಟೆಯೊಳಗೆ ಬ್ರೋಕರ್ ಕೊಡುವ ವಹಿವಾಟಿನ ಲಿಖಿತ ದಾಖಲೆ ಅಂದರೆ ಕಾಂಟ್ರ್ಯಾಕ್ಟ್ ನೋಟ್ ಬರಲಿಲ್ಲವೆಂದರೆ ಅದು ಡಬ್ಬಾ ಟ್ರೇಡಿಂಗ್ (ಎಕ್ಸ್‌ಚೇಂಜ್‌ಗೆ ಹೋಗದೆ ಹೊರಗೇ ನಡೆಸುವ ಅಕ್ರಮ ವಹಿವಾಟು) ಇರಬಹುದು. ಕೂಡಲೇ ಹಣ ಹಾಕುವುದನ್ನು ನಿಲ್ಲಿಸಿ.
— ಓದುಗರು, ದಾವಣಗೆರೆ